ಒಂದು ಅಪ್ಪಣೆ, ನಾಲ್ಕು ಸಾವಿರ ಕಡತ

2014ನೆಯ ಇಸವಿಯ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದುವು. ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಕಾಗುಣಿತದ ತಿದ್ದುಪಡಿಗಳು. ಬೆಂಗಳೂರೂ ಮೈಸೂರೂ ಕನ್ನಡಿಗರ ಬಾಯಲ್ಲಿ ಮೊದಲೂ ಹಾಗೆಯೇ ಇದ್ದುವು, ಆಮೇಲೂ ಹಾಗೆಯೇ ಉಳಿದುವು. ಆದರೆ ಕನ್ನಡದಲ್ಲಿಯೇ ರೂಪ ಬದಲಾದ ಊರುಗಳೂ ಇದ್ದುವು. ಗುಲ್ಬರ್ಗಾ ಎಂಬುದು ಕಲಬುರಗಿಯಾಯಿತು. ಬಿಜಾಪುರ ಎಂಬುದು ವಿಜಯಪುರವಾಯಿತು. ರೈಲು ನಿಲ್ದಾಣದ ಫಲಕವನ್ನು ಬದಲಿಸಲು ಒಬ್ಬ ಬಣ್ಣಗಾರ, ಒಂದು ಏಣಿ, ಒಂದು ಡಬ್ಬಿ ಬಣ್ಣ ಸಾಕು. ಗಣಕಯಂತ್ರದ ಹೊಟ್ಟೆಯೊಳಗೆ ಸಾವಿರಾರು ಕಡತಗಳಲ್ಲಿ ಹರಡಿ ಕುಳಿತ ಹೆಸರನ್ನು ಬದಲಿಸುವ ಬಗೆ ಯಾವುದು?

ಉತ್ತರ ಕರ್ನಾಟಕದ ಯಾವುದೋ ಊರಿನಲ್ಲಿ ಒಂದು ಹಳೆಯ ಗ್ರಂಥಾಲಯವಿದೆಯೆಂದು ವಾಚಕರು ಕಲ್ಪಿಸಿಕೊಳ್ಳಬೇಕು. ಅಲ್ಲಿನ ಗ್ರಂಥಪಾಲರು ಇಪ್ಪತ್ತು ವರ್ಷ ಕಷ್ಟಪಟ್ಟು ಹಳೆಯ ಪತ್ರಗಳನ್ನೂ, ಜಮಾಖರ್ಚಿನ ವಹಿಗಳನ್ನೂ, ಗ್ರಂಥಸೂಚಿಗಳನ್ನೂ ಗಣಕಯಂತ್ರದಲ್ಲಿ ಅಚ್ಚುಮಾಡಿಸಿ ಇಟ್ಟಿದ್ದಾರೆ. ಮೂಲ ಪತ್ರಗಳಲ್ಲಿ ಅರ್ಧದಷ್ಟನ್ನು ಆ ಬಳಿಕ ಗೆದ್ದಲು ತಿಂದು ಮುಗಿಸಿದೆ. ಉಳಿದಿರುವುದು ಯಂತ್ರದೊಳಗಿನ ನಕಲು ಮಾತ್ರ: ಕೋಶದೊಳಗೆ ಕೋಶ, ಅದರೊಳಗೆ ಇನ್ನೊಂದು ಕೋಶ, ಹೀಗೆ ಕವಲೊಡೆದು ನಿಂತ 4000 ಕಡತಗಳು. ಹೊಸದಾಗಿ ಕೆಲಸಕ್ಕೆ ಸೇರಿದ ತರುಣನೊಬ್ಬನಿಗೆ, ಗ್ರಂಥಸೂಚಿಯಲ್ಲಿ ಊರುಗಳ ಹೆಸರನ್ನು ಹೊಸ ರೀತಿಯಲ್ಲಿ ಕಾಣಿಸಬೇಕೆಂಬ ಆದೇಶ ಬಂದಿದೆ. ಒಂದೊಂದು ಕಡತವನ್ನು ತೆರೆದು, ಹುಡುಕಿ, ತಿದ್ದಿ, ಮುಚ್ಚಲು 3 ನಿಮಿಷ ಹಿಡಿದರೂ ಒಟ್ಟು 200 ಗಂಟೆಯ ಕೆಲಸ. ದಿನಕ್ಕೆ ಎಂಟು ಗಂಟೆಯಂತೆ ಇಪ್ಪತ್ತೈದು ದಿನ. ತರುಣನು ನಗುತ್ತ, “ಸರ್, ಇಪ್ಪತ್ತೈದು ದಿನ ಏತಕ್ಕೆ? ಒಂದೇ ಸಾಲಿನ ಅಪ್ಪಣೆ ಸಾಕು. ಚಹಾ ಆರುವುದರೊಳಗೆ ಮುಗಿದುಹೋಗುತ್ತದೆ” ಎನ್ನುತ್ತಾನೆ.

ಅವನ ಮಾತಿನಲ್ಲಿ ಸುಳ್ಳಿಲ್ಲ. ಅಪಾಯವಿರುವುದೂ ಅಲ್ಲಿಯೇ.

ಉಪಕರಣಗಳ ಹುಟ್ಟು

ಇಂಥ ಅಪ್ಪಣೆಯ ವಂಶಾವಳಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಮರ್ರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಮೊದಲಾಗುತ್ತದೆ. 1969ರಲ್ಲಿ ಅಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ನಿರ್ಮಾಣಕ್ಕೆ ತೊಡಗಿದರು. ಅದರಲ್ಲಿ ಬರೆದದ್ದನ್ನು ತಿದ್ದಲು ಥಾಂಪ್ಸನ್ನರು ‘ಎಡ್’ ಎಂಬ ಚಿಕ್ಕ ಸಲಕರಣೆಯನ್ನು ಮಾಡಿದರು. ಅದು ಒಂದು ಕಡತವನ್ನು ನೆನಪಿನೊಳಕ್ಕೆ ತೆಗೆದುಕೊಂಡು, ಹೇಳಿದ ಸಾಲನ್ನು ಹೇಳಿದಂತೆ ಬದಲಿಸುತ್ತಿತ್ತು.

ಅದೇ ಪ್ರಯೋಗಾಲಯದ ಲೀ ಮೆಕ್‌ಮಾಹನ್ ಎಂಬವರಿಗೆ ಸಾಹಿತ್ಯದ ಸಮಸ್ಯೆಯೊಂದರಲ್ಲಿ ಆಸಕ್ತಿ ಹುಟ್ಟಿತು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಒಂದೇ ಗುಪ್ತನಾಮದಲ್ಲಿ 85 ಪ್ರಬಂಧಗಳನ್ನು ಪ್ರಕಟಿಸಿದ್ದರು. ಇವುಗಳಲ್ಲಿ ಕೆಲವನ್ನು ಬರೆದವರು ಯಾರು ಎಂಬುದು ವಿದ್ವಾಂಸರ ವಿವಾದದ ವಿಷಯ. ನಮ್ಮಲ್ಲಿ ಕರ್ತೃತ್ವ ನಿರ್ಣಯದ ಚರ್ಚೆ ನಡೆಯುವ ಹಾಗೆಯೇ. ಪದಪ್ರಯೋಗವನ್ನು ಹುಡುಕಿ ಹುಡುಕಿ ಶೈಲಿಯನ್ನು ಗುರುತಿಸಬೇಕಾಗಿತ್ತು. ಆದರೆ ಅಷ್ಟು ದೊಡ್ಡ ಬರಹ ‘ಎಡ್’ನ ನೆನಪಿನಲ್ಲಿ ಹಿಡಿಸುತ್ತಿರಲಿಲ್ಲ. ಆಗ ಥಾಂಪ್ಸನ್ನರು ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ, ಸಾಲು ಸಾಲಾಗಿ ಓದುತ್ತ ಹೋಗುವ ‘ಗ್ರೆಪ್’ ಎಂಬ ಪ್ರತ್ಯೇಕ ಉಪಕರಣವನ್ನು ಮಾಡಿಕೊಟ್ಟರು. ಹುಡುಕಲು ಒಂದು ಇದ್ದಮೇಲೆ ತಿದ್ದಲೂ ಒಂದು ಬೇಡವೇ? ಮೆಕ್‌ಮಾಹನ್ನರೇ 1970ರ ದಶಕದ ಮೊದಲಲ್ಲಿ ‘ಸೆಡ್’ ಎಂಬುದನ್ನು ರಚಿಸಿದರು. ಒಂದು ಕಡೆಯಿಂದ ಬರಹ ಹರಿದು ಬರುತ್ತದೆ. ‘ಸೆಡ್’ ಹೊಳೆಯ ನಡುವೆ ನಿಂತು ಹಳೆಯ ಪದವನ್ನು ತೆಗೆದು ಹೊಸ ಪದವನ್ನಿಟ್ಟು ಇನ್ನೊಂದು ಕಡೆಗೆ ಬಿಡುತ್ತದೆ. ಇಡೀ ಹೊಳೆಯನ್ನು ಕುಡಿಯುವ ಆವಶ್ಯಕತೆ ಅದಕ್ಕಿಲ್ಲ.

ಈ ಉಪಕರಣಗಳಿಗೆ ಅಪ್ಪಣೆ ಕೊಡುವ ದ್ವಾರಪಾಲಕನಿಗೆ ‘ಷೆಲ್’ ಎಂದು ಹೆಸರು. ಷೆಲ್ಲಿಗೆ ಕೊಡಬೇಕಾದ ಅಪ್ಪಣೆಗಳನ್ನು ಒಂದು ಕಡತದಲ್ಲಿ ಕ್ರಮವಾಗಿ ಬರೆದಿಟ್ಟರೆ ಅದೇ ಷೆಲ್ ಲಿಪಿ. ಇನ್ನು ಕೋಶಗಳನ್ನು ಹೊಕ್ಕು ಹೊರಡುವ ಕೆಲಸ ‘ಫೈಂಡ್’ ಎಂಬ ಉಪಕರಣದ್ದು. ಅದು ಅನುಸರಿಸುವ ನಿಯಮ ಮಗುವಿಗೂ ತಿಳಿಯುವಷ್ಟು ಸರಳ: “ಈ ಕೋಶದಲ್ಲಿ ಇರುವುದನ್ನೆಲ್ಲ ನೋಡು. ಕಡತ ಸಿಕ್ಕಿದರೆ ಹೇಳಿದ ಕೆಲಸ ಮಾಡು. ಕೋಶ ಸಿಕ್ಕಿದರೆ ಅದರೊಳಕ್ಕೆ ಹೋಗಿ ಇದೇ ನಿಯಮವನ್ನು ಮೊದಲಿಂದ ನಡೆಸು.” ನಿಯಮ ತನ್ನನ್ನೇ ತಾನು ಕರೆದುಕೊಳ್ಳುವ ಈ ಚಮತ್ಕಾರದಿಂದ, ಎರಡು ಅಂತಸ್ತಿನ ಮನೆಯಾಗಲಿ ಇಪ್ಪತ್ತು ಅಂತಸ್ತಿನ ಮನೆಯಾಗಲಿ, ಒಂದು ಕೋಣೆಯೂ ತಪ್ಪದೆ ಎಲ್ಲಕ್ಕೂ ದೀಪ ಹಿಡಿದಂತಾಗುತ್ತದೆ.

ಹೀಗೆ ‘ಫೈಂಡ್’ ಹುಡುಕಿ ಕೊಡಬೇಕು, ‘ಸೆಡ್’ ತಿದ್ದಬೇಕು. ಇಬ್ಬರನ್ನೂ ಕೂಡಿಸಿದ ಒಂದು ಸಾಲು ತರುಣನ ಬೆರಳ ತುದಿಯಲ್ಲಿದೆ. ಗ್ರಂಥಪಾಲರು ಮಾತ್ರ, “ತಮ್ಮಾ, ಸ್ವಲ್ಪ ತಡೆ. ಒಂದು ನಕಲು ತೆಗೆದು ಅದರ ಮೇಲೆ ನಿನ್ನ ಪ್ರತಾಪ ತೋರಿಸು” ಎನ್ನುತ್ತಾರೆ. ಆ ಮುದುಕರ ಒಂದು ಮಾತಿನಿಂದ ಗ್ರಂಥಾಲಯ ಉಳಿಯುತ್ತದೆ. ಏಕೆಂದರೆ ಮುಂದೆ ನಡೆಯುವ ಅನಾಹುತವೆಲ್ಲ ನಕಲಿನ ಮೇಲೆಯೇ.

ಮೊದಲ ಅನಾಹುತಗಳು

‘ಸೆಡ್’ ಸ್ವಭಾವತಃ ಮೂಲವನ್ನು ಮುಟ್ಟುವುದಿಲ್ಲ. ತಿದ್ದಿದ ಬರಹವನ್ನು ಹೊರಕ್ಕೆ ಹರಿಯಬಿಡುತ್ತದೆ, ಅಷ್ಟೇ. ಹೊರಬಂದದ್ದನ್ನು ಅದೇ ಕಡತಕ್ಕೆ ತಿರುಗಿಸಿದರೆ ಸರಿಯಲ್ಲವೇ ಎಂದು ಹೊಸಬರಿಗೆಲ್ಲ ತೋರುವುದುಂಟು. ಆದರೆ ಷೆಲ್ ಮೊದಲು ಮಾಡುವ ಕೆಲಸ, ಬರೆಯಬೇಕಾದ ಕಡತವನ್ನು ತೆರೆದು ಖಾಲಿ ಮಾಡುವುದು. ‘ಸೆಡ್’ ಓದಲು ಬರುವಷ್ಟರಲ್ಲಿ ಪಾತ್ರೆ ಬರಿದಾಗಿರುತ್ತದೆ. ಖಾಲಿಯನ್ನು ಓದಿ, ಖಾಲಿಯನ್ನು ತಿದ್ದಿ, ಖಾಲಿಯನ್ನೇ ಬರೆದು ಅದು ಕೃತಕೃತ್ಯವಾಗುತ್ತದೆ. ತರುಣನು ಪರೀಕ್ಷೆಗೆಂದು ತಿದ್ದಿದ ಮೊದಲ ಕಡತ ಹೀಗೆಯೇ ನಿರಕ್ಷರವಾಗುತ್ತದೆ.

ಇದನ್ನು ತಪ್ಪಿಸಲೆಂದೇ ಈಗಿನ ‘ಸೆಡ್’ಗಳಲ್ಲಿ ‘ಐ’ ಎಂಬ ಸೂಚನೆಯುಂಟು. ಅದನ್ನು ಕೊಟ್ಟರೆ ತಿದ್ದಿದ ಬರಹ ಒಂದು ತಾತ್ಕಾಲಿಕ ಕಡತದಲ್ಲಿ ಸಿದ್ಧವಾಗಿ, ಕೊನೆಗೆ ಹಳೆಯ ಹೆಸರನ್ನು ಧರಿಸುತ್ತದೆ. ಸೂಚನೆಯ ಜೊತೆಗೆ ಒಂದು ಬಾಲವನ್ನು ಸೇರಿಸಿದರೆ ಹಳೆಯ ಪ್ರತಿ ಆ ಬಾಲದ ಹೆಸರಿನಲ್ಲಿ ಪಕ್ಕದಲ್ಲೇ ಉಳಿಯುತ್ತದೆ. ಇಲ್ಲಿಯೂ ಒಂದು ತೊಡಕಿದೆ: ಲಿನಕ್ಸಿನ ‘ಸೆಡ್’ಗೆ ಬಾಲ ಐಚ್ಛಿಕ, ಮ್ಯಾಕ್ ಯಂತ್ರದ ‘ಸೆಡ್’ ಬಾಲವನ್ನು ಕೇಳಿಯೇ ತೀರುತ್ತದೆ, ಬೇಡವಾದರೆ ಬರಿಯ ಉದ್ಧರಣ ಚಿಹ್ನೆಗಳನ್ನಾದರೂ ಒಪ್ಪಿಸಬೇಕು. ಒಂದು ಮನೆಯ ಮಂತ್ರ ಇನ್ನೊಂದು ಮನೆಯಲ್ಲಿ ಫಲಿಸದು.

ಎರಡನೆಯ ತೊಂದರೆ ಹೆಸರುಗಳಲ್ಲಿದೆ. ಕಡತವೊಂದಕ್ಕೆ ‘ಬಿಜಾಪುರ ಪತ್ರಗಳು’ ಎಂದು ಹೆಸರಿದ್ದರೆ ನಡುವೆ ಒಂದು ತೆರಪು ಬಂದಿತು. ಹೆಸರುಗಳ ಪಟ್ಟಿಯನ್ನು ಅಜಾಗರೂಕತೆಯಿಂದ ದಾಟಿಸಿದರೆ ಷೆಲ್ ಆ ತೆರಪಿನಲ್ಲಿ ಹೆಸರನ್ನು ಸೀಳಿ, ‘ಬಿಜಾಪುರ’ ಎಂಬುದೊಂದು, ‘ಪತ್ರಗಳು’ ಎಂಬುದೊಂದು ಕಡತವೆಂದು ಭಾವಿಸುತ್ತದೆ. ಎರಡೂ ಇರುವುದಿಲ್ಲ, ಇದ್ದದ್ದು ತಿದ್ದುಪಡಿ ಕಾಣುವುದಿಲ್ಲ. ಯುನಿಕ್ಸಿನಲ್ಲಿ ಓರೆಗೆರೆಯನ್ನೂ ಶೂನ್ಯಸಂಕೇತವನ್ನೂ ಬಿಟ್ಟು ಬೇರೆ ಯಾವ ಚಿಹ್ನೆಯಾದರೂ ಕಡತದ ಹೆಸರಿನೊಳಗೆ ಬರಬಹುದು. ಆದ್ದರಿಂದ ‘ಫೈಂಡ್’ ತಾನೇ ನೇರವಾಗಿ ‘ಸೆಡ್’ ಅನ್ನು ಕರೆದು ಹೆಸರನ್ನು ಇಡಿಯಾಗಿ ಒಪ್ಪಿಸುವುದು, ಇಲ್ಲವೇ ಹೆಸರು ಹೆಸರಿನ ನಡುವೆ ಆ ಶೂನ್ಯಸಂಕೇತವನ್ನೇ ಬೇಲಿಯಾಗಿ ಹಾಕುವುದು ಕ್ಷೇಮಕರವಾದ ದಾರಿ.

ಮೂರನೆಯದು, ಎಲ್ಲ ಕಡತವೂ ಬರಹವಲ್ಲ. ಚಿತ್ರಗಳೂ ಧ್ವನಿಮುದ್ರಿಕೆಗಳೂ ಅದೇ ಕೋಶಗಳಲ್ಲಿರುತ್ತವೆ. ಅವುಗಳೊಳಗೆ ಅಕಸ್ಮಾತ್ತಾಗಿ ಹೊಂದುವ ಸಂಕೇತಗಳು ಸಿಕ್ಕಿ ಬದಲಾದರೆ ಚಿತ್ರ ಕೆಡುತ್ತದೆ. ಹೊಂದದಿದ್ದರೂ ‘ಐ’ ಸೂಚನೆಯಿಂದ ಪ್ರತಿಯೊಂದು ಕಡತವೂ ಮರುಹುಟ್ಟು ಪಡೆದು, ಎಲ್ಲದರ ತಿದ್ದುಪಡಿಯ ದಿನಾಂಕವೂ ಇಂದಿನದಾಗುತ್ತದೆ. ಹತ್ತು ವರ್ಷದ ಹಿಂದೆ ಯಾವ ಪತ್ರವನ್ನು ಯಾವಾಗ ಪ್ರತಿಮಾಡಿದರು ಎಂಬ ಸುಳಿವು ಒಂದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ.

ಕಣ್ಣು ಕಾಣದ ಲಿಪಿಕಾರ

ಇವು ಯಂತ್ರದ ತೊಡಕುಗಳು, ಅಭ್ಯಾಸದಿಂದ ನಿವಾರಿಸಬಹುದು. ಇದಕ್ಕಿಂತ ಆಳವಾದ ತೊಡಕು ಭಾಷೆಯದು. ಷೆಲ್ ಲಿಪಿ ಎಂಬ ಲಿಪಿಕಾರನಿಗೆ ಕೈಯಿದೆ, ಕಣ್ಣಿಲ್ಲ; ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ.

ಬೆಳಗಾವಿಯ ಹಾರ್ಮೋನಿಯಂ ವಿದ್ವಾಂಸರಾಗಿದ್ದ ಪಂಡಿತ ರಾಮಭಾವು ಬಿಜಾಪುರೆಯವರ ಹೆಸರನ್ನು ಸಂಗೀತಪ್ರಿಯರು ಬಲ್ಲರು. ‘ಬಿಜಾಪುರ’ವನ್ನು ‘ವಿಜಯಪುರ’ ಮಾಡೆಂದ ಕೂಡಲೆ ಯಂತ್ರ ಅವರನ್ನು ‘ವಿಜಯಪುರೆ’ ಮಾಡಿಬಿಡುತ್ತದೆ! ಕಾರಣ ಸ್ವಾರಸ್ಯಕರವಾಗಿದೆ. ನಮ್ಮ ಕಣ್ಣಿಗೆ ‘ರ’ ಒಂದಕ್ಷರ, ‘ರೆ’ ಇನ್ನೊಂದಕ್ಷರ. ಯಂತ್ರಕ್ಕೆ ಹಾಗಲ್ಲ. ಅಲ್ಲಿ ‘ರೆ’ ಎಂದರೆ ‘ರ’ ಎಂಬ ಸಂಕೇತ, ಅದರ ಬೆನ್ನಿಗೆ ಎತ್ವದ ಸಂಕೇತ. ಆದುದರಿಂದ ‘ಬಿಜಾಪುರೆ’ಯೊಳಗೆ ‘ಬಿಜಾಪುರ’ ಇಡಿಯಾಗಿ ಅಡಗಿ ಕುಳಿತಿದೆ. ಇದೇ ಕಾರಣದಿಂದ, ‘ಗುಲ್ಬರ್ಗ’ ಎಂದು ಹ್ರಸ್ವವಾಗಿ ಬರೆದು ಹುಡುಕಿಸಿದರೆ ಅದು ‘ಗುಲ್ಬರ್ಗಾ’ದಲ್ಲಿಯೂ ಸಿಕ್ಕಿ, ದೀರ್ಘದ ಚಿಹ್ನೆಯೊಂದು ‘ಕಲಬುರಗಿ’ಯ ಬಾಲಕ್ಕೆ ಅನಾಥವಾಗಿ ಅಂಟಿಕೊಳ್ಳುತ್ತದೆ.

ವಿಭಕ್ತಿಯ ಪಾಡನ್ನು ನೋಡಬೇಕು. ‘ಬಿಜಾಪುರದಲ್ಲಿ’ ಎಂಬುದು ‘ವಿಜಯಪುರದಲ್ಲಿ’ ಆಗುವುದಕ್ಕೆ ಅಡ್ಡಿಯಿಲ್ಲ, ಎರಡೂ ಅಕಾರಾಂತಗಳು. ಆದರೆ ‘ಗುಲ್ಬರ್ಗಾದಲ್ಲಿ’ ಎಂಬುದು ‘ಕಲಬುರಗಿದಲ್ಲಿ’ ಆಗುತ್ತದೆ, ‘ಗುಲ್ಬರ್ಗಾಕ್ಕೆ’ ಎಂಬುದು ‘ಕಲಬುರಗಿಕ್ಕೆ’ ಆಗುತ್ತದೆ. ಕೇಶಿರಾಜನು ಕಂಡರೆ ಸಹಿಸುವನೇ? ಇಕಾರಾಂತಕ್ಕೆ ಯಕಾರಾಗಮವಾಗಬೇಕೆಂದು ‘ಸೆಡ್’ಗೆ ಯಾರೂ ಪಾಠ ಹೇಳಿಲ್ಲ. ನಾವೇ ಸೂತ್ರಗಳನ್ನು ಬರೆದುಕೊಡಬೇಕು: ‘ಗುಲ್ಬರ್ಗಾಕ್ಕೆ’ ಬಂದರೆ ‘ಕಲಬುರಗಿಗೆ’, ‘ಗುಲ್ಬರ್ಗಾವನ್ನು’ ಬಂದರೆ ‘ಕಲಬುರಗಿಯನ್ನು’, ‘ಗುಲ್ಬರ್ಗಾದ’ ಬಂದರೆ ‘ಕಲಬುರಗಿಯ’, ಕಟ್ಟಕಡೆಗೆ ಬರಿಯ ‘ಗುಲ್ಬರ್ಗಾ’ ಬಂದರೆ ‘ಕಲಬುರಗಿ’. ಮೂರನೆಯ ಸೂತ್ರವೊಂದೇ ‘ದಲ್ಲಿ’, ‘ದಿಂದ’ ಎಂಬ ಎರಡು ರೂಪಗಳನ್ನೂ ಸರಿಪಡಿಸುತ್ತದೆ. ಬಿಜಾಪುರೆಯವರ ಹೆಸರನ್ನು ಕೆಡಿಸಿದ ಗುಣವೇ ಇಲ್ಲಿ ಉಪಕಾರಿ: ‘ದಿ’ಯೊಳಗೂ ‘ದ’ ಇದೆ. ಆದರೆ ಕ್ರಮ ತಪ್ಪಬಾರದು. ಬರಿಯ ರೂಪದ ಸೂತ್ರವನ್ನು ಮೊದಲಿಗೆ ಇಟ್ಟರೆ ಅದು ಎಲ್ಲವನ್ನೂ ನುಂಗಿ, ಉಳಿದ ಮೂರಕ್ಕೆ ಕೆಲಸವೇ ಇರುವುದಿಲ್ಲ. ವಿಶೇಷ ವಿಧಿ ಮೊದಲು, ಸಾಮಾನ್ಯ ವಿಧಿ ಆಮೇಲೆ. ಇದರ ಜೊತೆಗೆ, ಒಂದು ಸಾಲಿನಲ್ಲಿ ಪದ ಎರಡು ಸಲ ಬಂದಿದ್ದರೆ ‘ಸೆಡ್’ ಮೊದಲನೆಯದನ್ನಷ್ಟೇ ತಿದ್ದಿ ಮುಂದೆ ಹೋಗುತ್ತದೆ. ಎಲ್ಲವನ್ನೂ ತಿದ್ದಬೇಕಾದರೆ ಸೂತ್ರದ ಕೊನೆಗೆ ‘ಜಿ’ ಎಂಬ ಅಕ್ಷರವನ್ನು ಬರೆಯಬೇಕು.

ಇಷ್ಟಾದರೂ ಕೆಲವು ‘ಗುಲ್‌ಬರ್ಗಾ’ಗಳು ಉಳಿದೇ ಉಳಿಯುತ್ತವೆ. ಬರೆದವರು ‘ಲ್’ ಕೆಳಗೆ ಒತ್ತು ಬಾರದಿರಲೆಂದು ನಡುವೆ ಕಣ್ಣಿಗೆ ಕಾಣದ ಬೇರ್ಪಡಿಕೆಯ ಸಂಕೇತವೊಂದನ್ನು ಇಟ್ಟಿರುತ್ತಾರೆ. ಓದುವವರಿಗೆ ಎರಡೂ ಒಂದೇ ಊರು. ಯಂತ್ರಕ್ಕೆ ಬೇರೆ ಬೇರೆ ಪದ. ಅದಕ್ಕೂ ಹಿಂದೆ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತಗಳಲ್ಲಂತೂ ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸದೆ ಹುಡುಕುವುದು ಕತ್ತಲೆಯಲ್ಲಿ ಸೂಜಿ ಅರಸಿದಂತೆ.

ಇಲ್ಲಿ ಒಂದು ಸಂಗತಿಯನ್ನು ನೆನೆಯಬೇಕು. ಕನ್ನಡದಂಥ ಲಿಪಿಗಳ ಯುನಿಕೋಡ್ ಸಂಕೇತಗಳನ್ನು ಹಳೆಯ ಉಪಕರಣಗಳು ಕೆಡದಂತೆ ಕೂಡಿಡುವ ಯುಟಿಎಫ್-8 ಎಂಬ ಪದ್ಧತಿಯನ್ನು 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಉಪಾಹಾರ ಗೃಹದ ಮೇಜಿನ ಬಳಿ, ರಾಬ್ ಪೈಕ್ ಜೊತೆಗಿರಲು, ರೂಪಿಸಿದವರು ಮತ್ತಾರೂ ಅಲ್ಲ, ‘ಎಡ್’, ‘ಗ್ರೆಪ್’ಗಳ ಕರ್ತೃವಾದ ಕೆನ್ ಥಾಂಪ್ಸನ್ನರೇ. ಅದರಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಘಟಕಗಳಷ್ಟು ಜಾಗ ಹಿಡಿಯುತ್ತದೆ; ಆದರೆ ಆ ಮೂರರಲ್ಲಿ ಯಾವುದೂ ಓರೆಗೆರೆಯಾಗಿಯೋ ಸಾಲಿನ ಕೊನೆಯಾಗಿಯೋ ತಪ್ಪಿ ತೋರುವುದಿಲ್ಲ. ಕನ್ನಡವನ್ನು ಎಂದೂ ಕಾಣದೆ ಹುಟ್ಟಿದ ‘ಸೆಡ್’ ಇಂದು ಕನ್ನಡವನ್ನು ತಿದ್ದಬಲ್ಲುದಾಗಿರುವುದು ಹೀಗೆ.

ತಿದ್ದಬಾರದ ಸತ್ಯ

ಪದ ಸರಿಯಾಗಿ ಸಿಕ್ಕಿತು, ವಿಭಕ್ತಿ ಸರಿಯಾಗಿ ಕೂಡಿತು ಎಂದಿಟ್ಟುಕೊಂಡರೂ ಕಡೆಯ ಪ್ರಶ್ನೆ ಉಳಿಯುತ್ತದೆ: ಅದನ್ನು ತಿದ್ದಬೇಕೇ?

ಛತ್ತೀಸಗಡ ರಾಜ್ಯದಲ್ಲಿಯೂ ಒಂದು ಬಿಜಾಪುರವಿದೆ. 2007ರಿಂದ ಅದು ಜಿಲ್ಲೆ. ಅದರ ಹೆಸರನ್ನು ವಿಜಯಪುರವೆಂದು ಬದಲಿಸುವ ಅಧಿಕಾರವನ್ನು ನಮ್ಮ ಗ್ರಂಥಾಲಯಕ್ಕೆ ಯಾರೂ ಕೊಟ್ಟಿಲ್ಲ. 1980ರಲ್ಲಿ ಸ್ಥಾಪಿತವಾದ ಗುಲ್ಬರ್ಗಾ ವಿಶ್ವವಿದ್ಯಾಲಯವು ಊರಿನ ಹೆಸರು ಬದಲಾದ ಮೇಲೂ ತನ್ನ ಹೆಸರನ್ನು ಹಾಗೆಯೇ ಇಟ್ಟುಕೊಂಡಿತು. ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯ 23ನೆಯ ಸಂಪುಟ 1884ರಲ್ಲಿ ‘ಬಿಜಾಪುರ’ ಎಂಬ ಹೆಸರಿನಿಂದ ಅಚ್ಚಾಯಿತು. ಸೂಚಿಯಲ್ಲಿ ಅದು ‘ವಿಜಯಪುರ’ ಎಂದು ಬದಲಾದರೆ, ಇಲ್ಲದ ಪುಸ್ತಕವೊಂದು ಸೃಷ್ಟಿಯಾಗಿ, ಇರುವ ಪುಸ್ತಕವೊಂದು ಮಾಯವಾಯಿತೆಂದೇ ಅರ್ಥ. ಇನ್ನು ಎಂದೋ ತೀರಿಕೊಂಡ ತಂದೆಯೊಬ್ಬ ಮಗಳಿಗೆ, “ನಾಳೆ ಬಿಜಾಪುರಕ್ಕೆ ಹೊರಡುತ್ತೇನೆ” ಎಂದು ಬರೆದಿದ್ದರೆ, ಆ ಮಾತನ್ನು ತಿದ್ದಲು ಯಾವ ಸರಕಾರವೂ ಆದೇಶ ಹೊರಡಿಸಿಲ್ಲ. ಆದೇಶ ಇದ್ದುದು ಸೂಚಿಗೆ, ಪತ್ರಕ್ಕಲ್ಲ.

ತಪ್ಪಾದರೆ ಹಿಂದಕ್ಕೆ ತಿರುಗಿಸಿದರಾಯಿತು ಎಂದು ತರುಣನು ಸಮಾಧಾನ ಹೇಳಬಹುದು. ಹಾಗೂ ಆಗದು. ದೇವನಹಳ್ಳಿ ತಾಲೂಕಿನಲ್ಲಿ ಹಿಂದಿನಿಂದಲೂ ವಿಜಯಪುರವೆಂಬ ಊರಿದೆ. ‘ವಿಜಯಪುರ’ವನ್ನೆಲ್ಲ ಮರಳಿ ‘ಬಿಜಾಪುರ’ ಮಾಡೆಂದರೆ ಅದೂ ಬಿಜಾಪುರವಾಗಿ ಕೂರುತ್ತದೆ. ಎರಡು ಹೊಳೆ ಸೇರಿದ ಮೇಲೆ ಯಾವ ನೀರು ಯಾವುದರದೆಂದು ಬೇರ್ಪಡಿಸುವವರು ಯಾರು? ಮೂಲಪತ್ರವನ್ನು ಗೆದ್ದಲು ತಿಂದಿರುವಾಗ, ಕೆಟ್ಟ ಮೇಲೆ ಬಂದ ಬುದ್ಧಿ ಅಟ್ಟ ಮೇಲೆ ಉರಿದ ಒಲೆಯಂತೆ ನಿಷ್ಪ್ರಯೋಜಕ.

ಅಳೆದು ಕತ್ತರಿಸುವ ಕ್ರಮ

ಹಾಗಾದರೆ ಇಪ್ಪತ್ತೈದು ದಿನ ಕೈಯಿಂದಲೇ ತಿದ್ದಬೇಕೇ? ಬೇಡ. ನುರಿತವರು ಅನುಸರಿಸುವ ಕ್ರಮ ಹೀಗಿದೆ.

ಮೊದಲು ಇಡೀ ಕೋಶದ ನಕಲು, ಅದೂ ಬೇರೆ ಯಂತ್ರದಲ್ಲಿ. ಎರಡನೆಯದಾಗಿ, ತಿದ್ದುವ ಮುನ್ನ ಹುಡುಕು. ‘ಗ್ರೆಪ್’ಗೆ ಹೇಳಿದರೆ ಪದ ಇರುವ ಕಡತಗಳ ಪಟ್ಟಿಯನ್ನೂ, ಪದ ಬಂದಿರುವ ಒಂದೊಂದು ಸಾಲನ್ನೂ ಮುಂದಿಡುತ್ತದೆ. ನಾಲ್ಕು ಸಾವಿರದಲ್ಲಿ ಪದವಿರುವ ಕಡತಗಳು ಮುನ್ನೂರೇ ಇರಬಹುದು, ಉಳಿದವನ್ನು ಮುಟ್ಟಲೇಬಾರದು. ಆ ಸಾಲುಗಳನ್ನು ಮನುಷ್ಯನ ಕಣ್ಣಿನಿಂದ ಓದಬೇಕು. ಬಿಜಾಪುರೆಯವರೂ, ಛತ್ತೀಸಗಡವೂ, 1884ರ ಗ್ಯಾಸೆಟಿಯರೂ ಸಿಕ್ಕಿಬೀಳುವುದು ಈ ಓದಿನಲ್ಲಿಯೇ. ಮೂರನೆಯದಾಗಿ, ಯಾವ ಕೋಶಗಳಿಗೆ ಪ್ರವೇಶವಿಲ್ಲ, ಯಾವ ಜಾತಿಯ ಕಡತ ಮಾತ್ರ ಯೋಗ್ಯ ಎಂಬುದನ್ನು ‘ಫೈಂಡ್’ಗೆ ಸ್ಪಷ್ಟವಾಗಿ ತಿಳಿಸಬೇಕು. ಪತ್ರಗಳ ಕೋಶವನ್ನು ಹೊರಗಿಡುವುದು ಇಲ್ಲಿಯೇ.

ನಾಲ್ಕನೆಯದಾಗಿ, ಕಾಪಾಡಬೇಕಾದ ಪದಗಳನ್ನು ಮೊದಲೇ ಮರೆಮಾಡಬೇಕು. ‘ಗುಲ್ಬರ್ಗಾ ವಿಶ್ವವಿದ್ಯಾಲಯ’ ಎಂಬುದರ ಸ್ಥಾನದಲ್ಲಿ ಬರಹದಲ್ಲಿ ಎಲ್ಲಿಯೂ ಬಾರದ ಒಂದು ವಿಚಿತ್ರ ಗುರುತನ್ನಿಟ್ಟು, ಉಳಿದ ಸೂತ್ರಗಳೆಲ್ಲ ನಡೆದ ಮೇಲೆ ಗುರುತನ್ನು ತೆಗೆದು ಹೆಸರನ್ನು ಮರಳಿಸುವುದು. ‘ಸೆಡ್’ ಸಾಲು ಸಾಲಾಗಿ ಓದುವುದರಿಂದ, ‘ಗುಲ್ಬರ್ಗಾ’ ಒಂದು ಸಾಲಿನ ಕೊನೆಗೂ ‘ವಿಶ್ವವಿದ್ಯಾಲಯ’ ಮುಂದಿನ ಸಾಲಿನ ಮೊದಲಿಗೂ ಬಂದಿದ್ದರೆ ಈ ಉಪಾಯ ಸೋಲುತ್ತದೆ ಎಂಬುದನ್ನೂ ಮರೆಯಬಾರದು.

ಐದನೆಯದಾಗಿ, ಬರೆಯದೆ ತೋರಿಸು ಎನ್ನಬೇಕು. ತಿದ್ದಿದ ರೂಪವನ್ನು ಮೂಲದ ಪಕ್ಕದಲ್ಲಿಟ್ಟು ‘ಡಿಫ್’ ಎಂಬ ಉಪಕರಣದಿಂದ ಹೋಲಿಸಿದರೆ ಬದಲಾದ ಸಾಲುಗಳಷ್ಟೇ ಕಾಣುತ್ತವೆ. ಬದಲಾದ ಸಾಲುಗಳೂ ಹಾಗೆಯೇ ಬಿಡಬೇಕೆಂದು ನಿಶ್ಚಯಿಸಿದ ಸಾಲುಗಳೂ ಕೂಡಿ ‘ಗ್ರೆಪ್’ ಮೊದಲು ತೋರಿಸಿದ ಸಂಖ್ಯೆಗೆ ಸಮನಾಗಬೇಕು. ಲೆಕ್ಕ ಕೂಡಿದ ಮೇಲೆಯೇ ‘ಐ’ ಸೂಚನೆ, ಅದೂ ಬಾಲದೊಂದಿಗೆ. ಮುಗಿದ ಬಳಿಕ ಮತ್ತೊಮ್ಮೆ ‘ಗ್ರೆಪ್’. ಹಳೆಯ ಹೆಸರು ಉಳಿದಿರುವ ಸಾಲುಗಳೆಲ್ಲ ಬೇಕೆಂದೇ ಉಳಿಸಿದವಾಗಿರಬೇಕು.

ನಮ್ಮ ಕಲ್ಪನೆಯ ಗ್ರಂಥಾಲಯದಲ್ಲಿ ಹೀಗೆ ಮಾಡಲು ತರುಣನಿಗೆ ಮೂರು ದಿನ ಹಿಡಿಯುತ್ತದೆ. ಎರಡೂವರೆ ದಿನ ಓದುವುದಕ್ಕೆ, ಅರ್ಧ ದಿನ ಸೂತ್ರ ಬರೆಯುವುದಕ್ಕೆ; ಅಪ್ಪಣೆ ನಡೆಯುವುದು ಮಾತ್ರ ಅವನು ಹೇಳಿದಂತೆ ಚಹಾ ಆರುವುದರೊಳಗೆ. ಕೆಲಸ ಮುಗಿಸಿ, ತಿದ್ದದೆ ಬಿಟ್ಟ ಸಾಲುಗಳ ಪಟ್ಟಿಯನ್ನು ಅವನು ಗ್ರಂಥಪಾಲರ ಮುಂದಿಡುತ್ತಾನೆ. ಅವರು ಕನ್ನಡಕ ಏರಿಸಿ ಒಂದೊಂದೇ ಸಾಲನ್ನು ಓದುತ್ತ ಬಂದು, ಒಂದು ಕಡೆ ಬೆರಳನ್ನು ನಿಲ್ಲಿಸುತ್ತಾರೆ. “ಈ ತಂದೆಯ ಪತ್ರ ಹಾಗೆಯೇ ಇರಲಿ, ತಮ್ಮಾ. ಅದರ ಮೂಲಪ್ರತಿ ಈಗ ಇಲ್ಲ.”

“ಇದೆ ಸರ್, ಹಾಗೆಯೇ ಇದೆ” ಎನ್ನುತ್ತಾನೆ ತರುಣ. “ಆ ಕೋಶದೊಳಕ್ಕೆ ಅಪ್ಪಣೆಯನ್ನು ಬಿಡಲೇ ಇಲ್ಲ.”